೧೬೩೩ರ ಎರಡು ಹೊತ್ತಗೆಗಳು

ಇಂಗ್ಲಿಷ್ ಕಾವ್ಯದ ಇತಿಹಾಸದಲ್ಲಿ ೧೬೩೩ನೆಯ ಇಸವಿಗೆ ಒಂದು ವಿಶೇಷವುಂಟು. ಇಬ್ಬರು ಕವಿಗಳ ಪ್ರಧಾನ ಕೃತಿಗಳು ಆ ಒಂದೇ ವರ್ಷದಲ್ಲಿ ಅಚ್ಚಾದುವು. ಅವನ್ನು ಅಚ್ಚಿನಲ್ಲಿ ಕಾಣಲು ಇಬ್ಬರೂ ಬದುಕಿರಲಿಲ್ಲ. ಲಂಡನ್ನಿನ ಸಂತ ಪಾಲ್ ಮಹಾಮಂದಿರದ ಡೀನ್ ಆಗಿದ್ದ ಜಾನ್ ಡನ್ ೧೬೩೧ರ ಮಾರ್ಚ್ ೩೧ರಂದು ತೀರಿಕೊಂಡಿದ್ದನು. ಬೆಮರ್ಟನ್ ಎಂಬ ಹಳ್ಳಿಯ ಪಾದ್ರಿ ಜಾರ್ಜ್ ಹರ್ಬರ್ಟ್ ೧೬೩೩ರ ಮಾರ್ಚ್ ೧ರಂದು ಕಾಲವಾದನು. (ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ತೊಡಗುತ್ತಿದ್ದುದು ಮಾರ್ಚ್ ೨೫ಕ್ಕೆ, ಅವರ ಲೆಕ್ಕದಲ್ಲಿ ಅದಿನ್ನೂ ೧೬೩೨. ಮಾರ್ಚ್ ಕೊನೆಗೆ ವರ್ಷ ಮುಗಿಸುವ ನಮ್ಮಂಥ ಬ್ಯಾಂಕಿನವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.) ಇಬ್ಬರೂ ಪರಸ್ಪರ ಪರಿಚಿತರು. ಹರ್ಬರ್ಟನ ತಾಯಿ ಮ್ಯಾಗ್ಡಲೆನ್ ಡನ್ನನಿಗೆ ಆಪ್ತಳು. ೧೬೨೭ರಲ್ಲಿ ಆಕೆಯ ಸ್ಮರಣೆಯ ಪ್ರವಚನ ಮಾಡಿದವನು ಡನ್ನನೇ.

ಡನ್ನನು ತನ್ನ ಕವಿತೆಗಳಲ್ಲಿ ಕೆಲವೇ ಕೆಲವನ್ನು ಅಚ್ಚಿಗೆ ಕೊಟ್ಟವನು. ಉಳಿದುವು ಮಿತ್ರರ ಕೈಯಿಂದ ಕೈಗೆ ಪ್ರತಿಯಾಗುತ್ತ ಸಾಗಿದ್ದುವು. ಅವನ್ನು ಕೂಡಿಸಿ ಪ್ರಕಟಿಸಿದವನು ಜಾನ್ ಮ್ಯಾರಿಯಟ್ ಎಂಬ ಪುಸ್ತಕ ವ್ಯಾಪಾರಿ. ೧೬೩೨ರಲ್ಲಿ ಪರವಾನಗಿ ಸಿಕ್ಕಿದಾಗ ಐದು ವಿಡಂಬನೆಗಳನ್ನೂ ಐದು ಎಲಿಜಿಗಳನ್ನೂ ಹೊರಗಿಡಬೇಕೆಂದಿತ್ತು. ವಿಡಂಬನೆಗಳು ಹೇಗೋ ಒಳಸೇರಿದುವು, ಎಲಿಜಿಗಳು ಬರಲಿಲ್ಲ. ನನಗೆ ಮುಖ್ಯವೆನಿಸುವುದು ಆ ಹೊತ್ತಗೆಯ ಕ್ರಮ. ಮೊದಲ ಪುಟಗಳಲ್ಲಿರುವುದು ಆತ್ಮವೊಂದು ದೇಹದಿಂದ ದೇಹಕ್ಕೆ ಅಲೆಯುವ ಅಪೂರ್ಣ ವಿಡಂಬನ ಕಾವ್ಯ. ಅದರ ಬೆನ್ನಿಗೇ ದೈವಿಕ ಸಾನೆಟ್‌ಗಳು. ಪ್ರೇಮಗೀತೆಗಳು ಬಹು ಹಿಂದೆ, ಬೇರೆ ಬೇರೆ ಬಗೆಯ ಕವಿತೆಗಳೊಡನೆ ಬೆರೆತು ಬರುತ್ತವೆ.

೧೬೩೫ರ ಎರಡನೆಯ ಮುದ್ರಣ ಇದೆಲ್ಲವನ್ನೂ ಅಡಿಮೇಲು ಮಾಡಿತು. ಪ್ರೇಮಗೀತೆಗಳು ‘ಹಾಡುಗಳು ಮತ್ತು ಸಾನೆಟ್‌ಗಳು’ ಎಂಬ ಹೊಸ ಶೀರ್ಷಿಕೆಯಡಿ ಮುಂದಕ್ಕೆ ಬಂದುವು, ದೈವಿಕ ಕವಿತೆಗಳು ಹಿಂದಕ್ಕೆ ಸರಿದುವು. ಹದಿನೆಂಟರ ಹರೆಯದ ಡನ್ನನ ಚಿತ್ರವೊಂದನ್ನು ಆರಂಭದಲ್ಲಿಟ್ಟು, ಅದರ ಕೆಳಗೆ ಐಸಾಕ್ ವಾಲ್ಟನ್ನನ ಪದ್ಯವನ್ನು ಅಚ್ಚಿಸಿದರು. ಹರೆಯದಲ್ಲಿ ರಸಿಕ, ಮುಪ್ಪಿನಲ್ಲಿ ಭಕ್ತ ಎಂಬ ಕಥೆ ಹೀಗೆ ಹುಟ್ಟಿತು. ೧೬೪೦ರಲ್ಲಿ ವಾಲ್ಟನ್ ಬರೆದ ಜೀವನಚರಿತ್ರೆ ಅದನ್ನು ಗಟ್ಟಿಗೊಳಿಸಿತು. ಗ್ರಿಯರ್‌ಸನ್ ೧೯೧೨ರಲ್ಲಿ ಪಾಠಕ್ಕೆ ೧೬೩೩ನ್ನೇ ಆಧಾರವಾಗಿಟ್ಟರೂ ಆರಂಭಿಸಿದ್ದು ಪ್ರೇಮಗೀತೆಗಳಿಂದಲೇ. ಕಾಲೇಜಿನಲ್ಲಿ ನಮಗೆ ದೊರೆತವನು ಈ ಎರಡು ತುಂಡಿನ ಡನ್.

ಕಥೆ ರಮ್ಯವಾಗಿದೆ, ಆದರೆ ನಿಲ್ಲುವಂತಹುದಲ್ಲ. ಅವನು ಪಾದ್ರಿಯಾದದ್ದು ೧೬೧೫ರಲ್ಲಿ. ದೈವಿಕ ಸಾನೆಟ್‌ಗಳಲ್ಲಿ ಹೆಚ್ಚಿನವು ೧೬೦೯ರ ಆಸುಪಾಸಿನವೆಂದು ಹೆಲೆನ್ ಗಾರ್ಡ್ನರ್ ೧೯೫೨ರ ತಮ್ಮ ಆವೃತ್ತಿಯಲ್ಲಿ ವಾದಿಸಿದರು, ವಿದ್ವಾಂಸರು ಬಹುಮಟ್ಟಿಗೆ ಅದನ್ನು ಒಪ್ಪಿದ್ದಾರೆ. ದೇವರೊಡನೆ ಜಗಳವಾಡುವ ಆ ದನಿ ಮಂದಿರದ ಡೀನನದಲ್ಲ. ಕೆಲಸವಿಲ್ಲದೆ, ಸಂಸಾರಭಾರದಿಂದ ಬಳಲುತ್ತಿದ್ದ ಗೃಹಸ್ಥನದು. ನಲ್ಲೆಯೊಡನೆ ತರ್ಕ ಹೂಡುವವನೂ ದೇವರನ್ನು ತರ್ಕಕ್ಕೆ ಎಳೆಯುವವನೂ ಒಬ್ಬನೇ. ಆ ಎರಡನ್ನೂ ಬೆರಕೆಯಾಗಿಟ್ಟ ೧೬೩೩ರ ಹೊತ್ತಗೆ, ತಿಳಿಯದೆಯೇ, ನಿಜಕ್ಕೆ ಹತ್ತಿರವಾಗಿದೆ. ಆ ಕ್ರಮವೂ ಕವಿಯದಲ್ಲವೆಂಬ ಆಕ್ಷೇಪಣೆ ಸರಿಯೇ. ಆದರೆ ಅದು ಯಾವ ಕಥೆಯನ್ನೂ ಹೇಳಲು ಹೋಗುವುದಿಲ್ಲ.

ಹರ್ಬರ್ಟನ ‘ದೇವಾಲಯ’ದ ಸಂಗತಿ ಬೇರೆ. ಅವನು ಹಸ್ತಪ್ರತಿಯನ್ನು ಲಿಟ್ಲ್ ಗಿಡ್ಡಿಂಗ್‌ನ ಮಿತ್ರ ನಿಕೊಲಸ್ ಫೆರರನಿಗೆ ಕಳುಹಿಸಿ, ನೊಂದ ಜೀವಕ್ಕೆ ನೆರವಾಗುವುದಾದರೆ ಅಚ್ಚಿಸು, ಇಲ್ಲವಾದರೆ ಸುಡು ಎಂದನಂತೆ. ಇದನ್ನು ಹೇಳುವವನೂ ಅದೇ ವಾಲ್ಟನ್, ೧೬೭೦ರಲ್ಲಿ. ಆದ್ದರಿಂದ ತುಸು ತೂಗಿ ನೋಡಿ ನಂಬಬೇಕು. ಕೇಂಬ್ರಿಜ್‌ನಲ್ಲಿ ಅಚ್ಚಾದ ಆ ಪುಟ್ಟ ಹೊತ್ತಗೆ ದೇಗುಲದ ಮುಖಮಂಟಪದಿಂದ ಆರಂಭವಾಗಿ ಒಳಗೆ ನಡೆಯುತ್ತದೆ. ರೆಕ್ಕೆಯ ಆಕಾರದ ಕವಿತೆಯನ್ನು ಪುಟದಲ್ಲಿ ಅಡ್ಡಲಾಗಿ ಅಚ್ಚಿಸಿರುವುದನ್ನು ಕಂಡು ನಮ್ಮ ಚಿತ್ರಬಂಧಗಳನ್ನು ನೆನೆಯುವುದು ಸಹಜ, ಆದರೆ ಅದು ಈ ಕವಿಯ ಶಕ್ತಿಯಿರುವ ಜಾಗವಲ್ಲ.

ಶಕ್ತಿ ಇರುವುದು ‘ವಿಮೋಚನೆ’ ಎಂಬ ಸಾನೆಟ್ಟಿನಂತಹ ಕಡೆ. ಏಳಿಗೆ ಕಾಣದ ಗೇಣಿದಾರನೊಬ್ಬ ಹಳೆಯ ಗೇಣಿಪತ್ರವನ್ನು ರದ್ದುಪಡಿಸಿ ಕಡಿಮೆ ಗೇಣಿಯ ಹೊಸ ಪತ್ರ ಬೇಡಲು ಒಡೆಯನನ್ನು ಹುಡುಕಿ ಹೊರಡುತ್ತಾನೆ. ಒಡೆಯ ಸ್ವರ್ಗದ ಮನೆಯಲ್ಲಿಲ್ಲ. ದುಬಾರಿ ಬೆಲೆಗೆ ಕೊಂಡ ಜಮೀನೊಂದರ ಸಲುವಾಗಿ ಭೂಮಿಗೆ ಹೋಗಿದ್ದಾನೆ. ಸಿರಿವಂತರ ಎಡೆಗಳಲ್ಲೆಲ್ಲ ಅಲೆದ ಮೇಲೆ ಅವನು ಕಳ್ಳರ, ಕೊಲೆಗಡುಕರ ನಡುವೆ ಸಿಗುತ್ತಾನೆ. ಇವನು ಬಾಯಿ ತೆರೆಯುವ ಮೊದಲೇ ಬೇಡಿಕೆಯನ್ನು ಸಲ್ಲಿಸಿ ಪ್ರಾಣ ಬಿಡುತ್ತಾನೆ. ಅಡಮಾನಪತ್ರಗಳನ್ನು ದಿನವೂ ಕಾಣುವ ನನಗೆ ‘ವಿಮೋಚನೆ’ ಕಚೇರಿಯ ಮಾತು. ಆ ಒಣ ಮಾತಿನಲ್ಲೇ ಹರ್ಬರ್ಟನು ಶಿಲುಬೆಯನ್ನು, ಅದರ ಹೆಸರೆತ್ತದೆ, ತೋರಿಸುತ್ತಾನೆ. ಹೊತ್ತಗೆಯಲ್ಲಿ ಈ ಕವಿತೆ ಶುಭಶುಕ್ರವಾರದ ಕವಿತೆಯ ನಂತರ, ಸಮಾಧಿಯ ಕವಿತೆಯ ಮುಂಚೆ ನಿಂತಿದೆ. ಅಲ್ಲಿಂದ ಕಿತ್ತು ಸಂಕಲನದಲ್ಲಿಟ್ಟರೆ ಅರ್ಧ ಅರ್ಥ ಉದುರಿಹೋಗುತ್ತದೆ.

ಡನ್ನನನ್ನು ಕನ್ನಡಕ್ಕೆ ತರುವವರು ಪ್ರೇಮಗೀತೆಗಳನ್ನು ಮೊದಲು, ದೈವಿಕ ಸಾನೆಟ್‌ಗಳನ್ನು ಕೊನೆಗೆ ಇಡುವ ಮುನ್ನ ೧೬೩೩ರ ಹೊತ್ತಗೆಯನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ವಿನಂತಿ. ಹರ್ಬರ್ಟನನ್ನು ತರುವವರು ಬಿಡಿ ಕವಿತೆಗಳನ್ನು ಆಯುವುದಕ್ಕಿಂತ, ಹತ್ತೇ ಆದರೂ ಸಾಲಾಗಿ ಬಂದ ಹತ್ತನ್ನು ತರುವುದು ಲೇಸು.