ಭಿತ್ತಿಪತ್ರವೂ ಪ್ರರೋಚನೆಯೂ

ಸೂಳೆಕೆರೆಯೆಂಬ ಹೆಸರು ಕೇಳಿದವನಲ್ಲಿ ಕುತೂಹಲವನ್ನು ಹುಟ್ಟಿಸುವುದು. ಚನ್ನಗಿರಿಯ ಸೀಮೆಗೆ ಬಂದು ಏರಿಯ ಮೇಲೆ ನಿಂತವನಿಗೆ ಕಾಣುವುದು ಗದ್ದೆಗಳನ್ನು ತಣಿಸುವ ನೀರು. ನಾಮದ ಕೆಲಸ ಬೇರೆ, ಜಲದ ಕೆಲಸ ಬೇರೆ. ಹಳೆಯ ಸಾಹಸಚಿತ್ರಗಳ ಭಿತ್ತಿಪತ್ರಗಳನ್ನು ವಿಮರ್ಶಿಸುವಾಗಲೂ ಈ ವಿವೇಕವು ಆವಶ್ಯಕ.

ಸಭಿಕರನ್ನು ಉನ್ಮುಖರನ್ನಾಗಿಸುವ ಪ್ರರೋಚನೆಯನ್ನು ಭರತಮುನಿಯು ಪೂರ್ವರಂಗದ ಅಂಗವಾಗಿ ಎಣಿಸಿರುವನು. ಭಿತ್ತಿಪತ್ರವು ಚಲಚ್ಚಿತ್ರದ ಪ್ರರೋಚನೆಯೇ ಸರಿ. ಶೃಂಗಾರ, ವೀರ, ಭಯಾನಕಗಳನ್ನು ಒಂದೇ ಹಾಳೆಯಲ್ಲಿ ತುಂಬುವುದು ಕಾವ್ಯದಲ್ಲಾದರೆ ದೋಷವಾದೀತು. ಇಲ್ಲಿ ಆಗದು, ಏಕೆಂದರೆ ಇದರ ಫಲವು ರಸಪುಷ್ಟಿಯಲ್ಲ, ಔತ್ಸುಕ್ಯ ಮಾತ್ರ.

ಮೆಕ್ಸಿಕೋ ದೇಶದ 1962ರ ಚಿತ್ರವೊಂದರಲ್ಲಿ ರಕ್ತಪಿಶಾಚಿನಿಯರೊಡನೆ ಸೆಣಸಿದ ಸಾಂತೋ ಎಂಬ ಮಲ್ಲನು ಬೆಳ್ಳಿಯ ಮುಖವಾಡದಿಂದ ಜನರನ್ನು ಸೆಳೆದನು. ಕನ್ನಡದಲ್ಲಿ ಸೆಳೆದುದು ಮುಚ್ಚದ ಮುಖ. ದೊರೈ–ಭಗವಾನರು 1968ರಲ್ಲಿ ನಿರ್ದೇಶಿಸಿದ ‘ಜೇಡರ ಬಲೆ’ಯ ಗೂಢಚಾರ ರಾಜಕುಮಾರರು 1960ರಲ್ಲಿ ತೆರೆಯ ಮೇಲೆ ಕನಕದಾಸರಾಗಿದ್ದವರು. ಪಿಸ್ತೂಲು, ನರ್ತಕಿಯರ ಲೋಕವನ್ನು ಗೃಹಸ್ಥನೂ ಶಂಕೆಯಿಲ್ಲದೆ ಹೊಗುವಂತಾದುದು ಆ ಪರಿಚಿತ ಮುಖವಿತ್ತ ಅಭಯದಿಂದ.

ಇಂತಹ ಚಿತ್ರಗಳನ್ನು ನೋಡದೆಯೇ ಕೀಳೆಂದು ತಳ್ಳುವವರು ಪ್ರರೋಚನೆಯನ್ನೇ ನಾಟಕವೆಂದು ಭ್ರಮಿಸಿದವರು. ಕಾಗದವಾದರೋ ಮಳೆಗೆ ಕರಗತಕ್ಕುದು. ಸಂಗ್ರಹಿಸದಿದ್ದರೆ ಒಂದು ಕಾಲದ ಜನಾಭಿರುಚಿಗೆ ಸಾಕ್ಷಿಯೇ ಉಳಿಯದು.