ಉಂಗುರ ಕಚ್ಚಿದ ಮೀನು

ಗ್ಲಾಸ್ಗೋ ನಗರದ ಲಾಂಛನದ ನಡುವೆ ದೊಡ್ಡದೊಂದು ಓಕ್ ಮರವಿದೆ. ಆದರೆ ಕಣ್ಣು ಹೋಗುವುದು ಅದರ ಬುಡಕ್ಕೆ. ಅಲ್ಲೊಂದು ಸಾಮನ್ ಮೀನು ಅಂಗಾತ ಬಿದ್ದಿದೆ, ಬಾಯಲ್ಲಿ ಚಿನ್ನದ ಮುದ್ರೆಯುಂಗುರ. ಗುರಾಣಿಯ ಎಡಬಲಗಳಲ್ಲಿ ನಿಂತ ಮೀನುಗಳ ಬಾಯಲ್ಲೂ ಒಂದೊಂದು ಉಂಗುರ. ಉಳಿದ ಊರುಗಳು ಸಿಂಹವನ್ನೋ ಹದ್ದನ್ನೋ ಕಾವಲಿಗಿಟ್ಟುಕೊಂಡರೆ, ಈ ಊರು ಮೀನನ್ನು ಬಾಲದ ಮೇಲೆ ನಿಲ್ಲಿಸಿದೆ.

ಮೀನು, ಉಂಗುರ ಎಂದೊಡನೆ ನಮಗೆ ಶಕುಂತಲೆ ನೆನಪಾಗುತ್ತಾಳೆ. ಇಲ್ಲಿನ ಕಥೆ ಅದರ ತಿರುವುಮುರುವು. ರಾಣಿ ಲ್ಯಾಂಗೊರೆತ್, ಗಂಡ ಕೊಟ್ಟ ಉಂಗುರವನ್ನು ಪ್ರಿಯಕರನಿಗೆ ಕೊಟ್ಟಿದ್ದಳು. ಅವನು ಮಲಗಿದ್ದಾಗ ರಾಜ ಅದನ್ನು ಬೆರಳಿಂದ ಕಳಚಿ ಕ್ಲೈಡ್ ನದಿಗೆ ಎಸೆದ. ಆಮೇಲೆ ಏನೂ ಅರಿಯದವನಂತೆ ಹೆಂಡತಿಯನ್ನು ಉಂಗುರ ಕೇಳಿದ. ಅವಳು ಊರಿನ ಪಾಲಕ ಸಂತ ಮಂಗೋನ ಮೊರೆಹೊಕ್ಕಳು. ಅವನು ಹಿಡಿಸಿ ತರಿಸಿದ ಮೀನಿನೊಳಗೆ ಉಂಗುರ ಸಿಕ್ಕಿತು. ದುಷ್ಯಂತನ ಉಂಗುರ ಮರೆತದ್ದನ್ನು ಬಯಲಿಗೆಳೆದರೆ, ಇದು ಬಯಲಾಗಲಿದ್ದ ಗುಟ್ಟನ್ನು ಮುಚ್ಚಿಹಾಕಿತು. ತಪ್ಪು ಮಾಡಿದವಳನ್ನು ಉಳಿಸಿದ ಪವಾಡವನ್ನು ಒಂದು ಊರು ಎದೆಯ ಮೇಲೆ ಹೊತ್ತು ತಿರುಗುವುದು ನನಗಂತೂ ಬಹಳ ಇಷ್ಟ.

13ನೇ ಶತಮಾನದಲ್ಲಿ ಬಿಷಪ್ ಆದ ರಾಬರ್ಟ್ ವಿಶಾರ್ಟನ ಮುದ್ರೆಯಲ್ಲಿ ರಾಜ, ರಾಣಿ, ಮೀನು ತಂದ ಸನ್ಯಾಸಿ ಎಲ್ಲರೂ ಇದ್ದರು. 1866ರಲ್ಲಿ ಲಾಂಛನಕ್ಕೆ ಅಧಿಕೃತ ಮನ್ನಣೆ ಸಿಗುವಷ್ಟರಲ್ಲಿ ಅವರೆಲ್ಲ ಜಾರಿಕೊಂಡು, ಆ ಕಥೆಗೆ ಮೀನೊಂದೇ ಸಾಕ್ಷಿಯಾಗಿ ಉಳಿದಿತ್ತು. ಇದು ಒಳ್ಳೆಯ ಕತ್ತರಿಪ್ರಯೋಗ. ಮರದ ವಿಷಯದಲ್ಲಿ ಹಾಗೆನ್ನಲಾರೆ. ಅದು ಮೊದಲಿಗೆ ಮರವೇ ಅಲ್ಲ, ಹೇಜಲ್ ಗಿಡದ ಒಂದು ಕೊಂಬೆ. ಬಾಲಕ ಮಂಗೋ ಕಾಯಬೇಕಿದ್ದ ಮಠದ ಬೆಂಕಿ ಆರಿಹೋದಾಗ, ಹಿಮ ಹಿಡಿದ ಆ ಕೊಂಬೆಯಿಂದಲೇ ಮತ್ತೆ ಹೊತ್ತಿಸಿದನಂತೆ. ಅಂಥ ಕೊಂಬೆಯನ್ನು ಬೆಳೆಸಿ ಓಕ್ ಮಾಡಿದ ಮೇಲೆ ಬೆರಗೆಲ್ಲಿ? ಓಕ್ ಮರ ಯಾವ ಊರಿಗಾದರೂ ಒಪ್ಪುತ್ತದೆ. ತುದಿಯಲ್ಲಿ ಕೂತ ರಾಬಿನ್ ಹಕ್ಕಿ ಮಾತ್ರ ಕೆಟ್ಟಿಲ್ಲ. ಸಹಪಾಠಿಗಳು ಕೊಂದ ಗುರುವಿನ ಹಕ್ಕಿಗೆ ಮಂಗೋ ಜೀವ ಕೊಟ್ಟ ಕಥೆ ಅದರದು. ಹೈ ಸ್ಟ್ರೀಟಿನ ಎತ್ತರದ ಗೋಡೆಯೊಂದರ ಮೇಲೆ ಸ್ಮಗ್ ಎಂಬ ಕಲಾವಿದ 2016ರಲ್ಲಿ ಬರೆದ ಚಿತ್ರದಲ್ಲಿ ಉಣ್ಣೆಯ ಟೋಪಿ ತೊಟ್ಟ ಗಡ್ಡದವನೊಬ್ಬ ಇದೇ ಹಕ್ಕಿಯನ್ನು ಕೈಮೇಲೆ ಕೂರಿಸಿಕೊಂಡಿದ್ದಾನೆ. ಸಂತ ಬಸ್ಸಿಗೆ ಕಾಯುತ್ತಿರುವವನ ಹಾಗೆ ಕಾಣುತ್ತಾನೆ. ಲಾಂಛನದಲ್ಲಿರುವ ಗಂಟೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ನನ್ನ ತಕರಾರು ಇರುವುದು ಕೆಳಗಿನ ಧ್ಯೇಯವಾಕ್ಯದ ಪಟ್ಟಿಯ ಮೇಲೆ. 1631ರ ಚರ್ಚ್ ಗಂಟೆಯೊಂದರ ಮೇಲಿದ್ದುದು, ದೇವರ ವಾಕ್ಯದ ಬೋಧನೆಯಿಂದ, ಅವನ ನಾಮಸ್ತುತಿಯಿಂದ ಗ್ಲಾಸ್ಗೋ ಏಳಿಗೆ ಹೊಂದಲಿ ಎಂಬ ಪ್ರಾರ್ಥನೆ. ಲಾಂಛನದವರು ‘ಗ್ಲಾಸ್ಗೋ ಏಳಿಗೆ ಹೊಂದಲಿ’ ಎಂಬಷ್ಟನ್ನೇ ಇಟ್ಟುಕೊಂಡರು. ಏತರಿಂದ ಎಂಬುದು ಬಿಟ್ಟುಹೋಯಿತು. ಊರು ಏಳಿಗೆ ಕಂಡದ್ದು ಗುಲಾಮರ ದುಡಿತದ ತಂಬಾಕು, ಸಕ್ಕರೆಗಳಿಂದ. ಅದಕ್ಕಾಗಿ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿತು. ಗುರಾಣಿಯಲ್ಲಿ ತಂಬಾಕಿನ ಎಲೆಯೂ ಇಲ್ಲ, ಕಬ್ಬಿನ ಜಲ್ಲೆಯೂ ಇಲ್ಲ. ಮಂಗೋ ರಾಣಿಯೊಬ್ಬಳ ಮಾನ ಕಾಯ್ದಿದ್ದ. ಇಲ್ಲಿ ಅವನ ಹೆಸರಲ್ಲಿ ವ್ಯಾಪಾರಿಗಳದ್ದೂ ಉಳಿಯಿತು.

ಇನ್ನು ಮೀನು. ಲಾಂಛನದಲ್ಲಿ ಮೂರು ಸಾಮನ್‌ಗಳನ್ನು ಬರೆಸಿಕೊಂಡ ಅದೇ ಕಾಲದಲ್ಲಿ, ಕಾರ್ಖಾನೆಗಳ ಕೊಳೆಯಿಂದ ಕ್ಲೈಡ್ ನದಿಯ ಸಾಮನ್‌ಗಳು ಇಲ್ಲವಾಗುತ್ತಿದ್ದವು. ಅವು ಮತ್ತೆ ಕಾಣಿಸಿಕೊಂಡದ್ದು 1983ರಲ್ಲಿ.