ಅರಿಯದವರ ಮುಂದೆ ಧರ್ಮನಿರೂಪಣೆ

ತನ್ನವರ ನಡುವೆ ನಿಂತು ತನ್ನ ಧರ್ಮವನ್ನು ನಿರೂಪಿಸುವುದು ಸುಲಭವಾದ ಕಾರ್ಯ. ಅಲ್ಲಿ ‘ಇಷ್ಟಲಿಂಗ’ವೆಂದೊಡನೆ ಕೇಳುವವರ ಕೈ ತಾನಾಗಿಯೇ ಎದೆಯ ಬಳಿಗೆ ಹೋಗುತ್ತದೆ, ‘ದಾಸೋಹ’ವೆಂದೊಡನೆ ಮಠದ ಪಂಕ್ತಿ ಕಣ್ಣೆದುರು ಬರುತ್ತದೆ. ಆ ಶಬ್ದಗಳನ್ನೇ ಕೇಳದವರ ನಡುವೆ ನಿಂತು ಮಾತನಾಡುವುದು ಬೇರೆಯೇ ವಿದ್ಯೆ. ನಮ್ಮ ಮಠಗಳಲ್ಲಿ ಮೊದಲನೆಯದಕ್ಕೆ ಯಥೇಷ್ಟವಾದ ಅಭ್ಯಾಸವುಂಟು. ಎರಡನೆಯದಕ್ಕೆ ಯಾವ ಅಭ್ಯಾಸವೂ ಇಲ್ಲವೆಂಬುದನ್ನು ಸದ್ಭಕ್ತರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ, ಈಗ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಮರ್ಕಂಜದ ಕಡೆ ಸರಕಾರಿ ಸೇವೆಯಲ್ಲಿರುವ ಶಿಷ್ಯರೊಬ್ಬರು ತಾವು ಮಾಡಬೇಕಾಗಿರುವ ಭಾಷಣದ ಕರಡನ್ನು ನಮ್ಮ ಅವಲೋಕನಕ್ಕೆ ಕಳುಹಿಸಿದ್ದಾರೆ. 2024ರ ಜನವರಿಯಲ್ಲಿ ರಾಜ್ಯ ಸರಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಬಳಿಕ ಅವರ ಭಾವಚಿತ್ರವು ಕಚೇರಿಗಳ ಗೋಡೆಗೆ ಬಂದಿತಷ್ಟೆ. ಆ ಊರಿನವರು, ‘ಇವರ ವಿಷಯ ನಮಗೆ ಪಾಠಪುಸ್ತಕದಲ್ಲಿ ಓದಿದಷ್ಟೇ ಗೊತ್ತು; ನೀವು ಅವರ ಮತದವರಂತೆ, ನಾಲ್ಕು ಮಾತು ಹೇಳಿ’ ಎಂದು ಕೇಳಿದ್ದಾರೆ. ಶಿಷ್ಯರ ಅನುಮತಿಯಿಂದ, ಹೆಸರನ್ನು ಬಿಟ್ಟು, ಆ ಕರಡನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಅದರ ದೋಷಗಳು ಅವರೊಬ್ಬರವಲ್ಲ. ನಮ್ಮ ವೇದಿಕೆಗಳಲ್ಲಿ ಅವರು ಬಾಲ್ಯದಿಂದ ಕೇಳಿದ್ದು ಯಾವುದೋ ಅದೇ ಅವರ ಕಾಗದದ ಮೇಲೆ ಬಂದಿದೆ.

ಮೊದಲು ಆ ನೆಲದ ವಿಚಾರ. ಸುಳ್ಯ ಸೀಮೆ ನಮಗೆ ಅಪರಿಚಿತವೆಂದು ಭಾವಿಸುವುದೇ ತಪ್ಪು. ತುಳುನಾಡಿನ ಮೇಲೆ ಕೆಳದಿಯ ವೀರಶೈವ ಅರಸರ ಅಧಿಕಾರವಿತ್ತು. 18ನೆಯ ಶತಮಾನದಲ್ಲಿ ಅಮರ ಸುಳ್ಯದ ಮಾಗಣೆಯು ಅವರಿಂದ ಕೊಡಗಿನ ಹಾಲೇರಿ ಅರಸರ ಕೈಗೆ ಬಂದಿತು, ಅವರೂ ಲಿಂಗವಂತರೇ. ಹೈದರ್-ಟಿಪ್ಪುಗಳ ಕಾಲದ ಏರುಪೇರುಗಳನ್ನು ಕಳೆದು, 1834ರಲ್ಲಿ ಕಂಪನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸುವವರೆಗೆ ಆ ಸೀಮೆಯ ಸಂಬಂಧ ಮಡಿಕೇರಿಯೊಡನೆಯೇ ಇತ್ತು. ಆದರೂ ಮರ್ಕಂಜದ ತೋಟದ ಮನೆಯಲ್ಲಿ ಇಂದು ‘ಷಟ್‌ಸ್ಥಲ’ವೆಂದರೆ ಯಾರಿಗೂ ಏನೂ ತಿಳಿಯದು. ಅರಸನು ಲಿಂಗಧಾರಿಯಾಗಿದ್ದ ಮಾತ್ರದಿಂದ ಪ್ರಜೆಗೆ ಲಿಂಗತತ್ತ್ವವು ತಿಳಿಯಲಿಲ್ಲ. ಪಟ್ಟಾಭಿಷೇಕಗಳ ಪಟ್ಟಿಯನ್ನು ಹಿಡಿದು ಧರ್ಮದ ವೈಭವವನ್ನು ವರ್ಣಿಸುವ ಭಾಷಣಕಾರರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಅಲ್ಲಿನ ಇತಿಹಾಸದಲ್ಲಿ ನಮ್ಮ ಛಾಯೆ ಕಾಣಿಸಿಕೊಳ್ಳುವುದು ಬೇರೊಂದು ಪ್ರಕರಣದಲ್ಲಿ. ಧಾನ್ಯದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ಕಂಪನಿಯವರು ನಗದಿನಲ್ಲಿ ಕೇಳತೊಡಗಿದಾಗ ರೈತರು ಸಿಡಿದೆದ್ದರು. ಕೆದಂಬಾಡಿ ರಾಮಯ್ಯ ಗೌಡರು ಮೊದಲಾದವರು ಮುಂದಾಳಾಗಿ, ಅರಸುಕುಲದ ಕಲ್ಯಾಣಸ್ವಾಮಿಯ ಹೆಸರನ್ನು ಧರಿಸಿದ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು, 1837ರ ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ತಮ್ಮ ವಶದಲ್ಲಿಟ್ಟುಕೊಂಡರು. ಬಳಿಕ ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು. ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸ್ಥಾಪಿತವಾಯಿತು. ‘ಸ್ವಾಮಿ’ ಎಂಬ ಹೆಸರಿನ ಹಿಂದೆ ಆ ಊರಿನ ಜನ ಜೀವವನ್ನೇ ಪಣವಾಗಿಟ್ಟು ನಡೆದಿದ್ದರು. ಆದರೆ ಆ ಹೆಸರಿನ ಒಳಗಿನ ಧರ್ಮ ಯಾವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಶಿಷ್ಯರ ಕರಡಿನಲ್ಲಿ ಇದರ ಒಂದು ಸಾಲೂ ಇಲ್ಲ. ಕೇಳುಗರ ಮನೆಯ ಕಥೆಯನ್ನೇ ಬಿಟ್ಟು ಭಾಷಣವು ನೇರವಾಗಿ ಕಲ್ಯಾಣದಿಂದ ಆರಂಭವಾಗುತ್ತದೆ.

ಇದೇ ಕರಾವಳಿಗೆ, ಕೊಡಗಿನ ಅರಸು ಅಳಿದ ಅದೇ 1834ರಲ್ಲಿ, ಬಾಸೆಲ್ ಮಿಶನ್ನಿನ ಪಾದ್ರಿಗಳು ಬಂದಿಳಿದರು. ಅವರ ಉದ್ದೇಶ ನಮಗೆ ಸಮ್ಮತವಲ್ಲ. ಸಿದ್ಧತೆಯನ್ನು ಮಾತ್ರ ಮೆಚ್ಚದೆ ಇರಲಾಗದು. ಆ ನಾಡಿಗೆ ಅವರ ಮತವೂ ಹೊಸದಾಗಿತ್ತು, ಅವರ ಭಾಷೆಯೂ ಹೊಸದಾಗಿತ್ತು. ಅವರು ಕನ್ನಡ ಕಲಿತರು, ತುಳು ಕಲಿತರು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಹೊರತಂದ ಗ್ರಂಥಮಾಲೆಯಲ್ಲಿ ನಮ್ಮ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಮೆನ್ನರರ ತುಳು ನಿಘಂಟು 1886ರಲ್ಲಿಯೂ ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿಯೂ ಮಂಗಳೂರಿನಲ್ಲಿ ಮುದ್ರಣಗೊಂಡವು. ಪರರಿಗೆ ತನ್ನ ಮತವನ್ನು ಹೇಳಹೊರಟವನು ಮೊದಲು ಪರರ ಪಾಡ್ದನವನ್ನು ಬರೆದುಕೊಂಡನು, ಅವರ ಗಾದೆಯನ್ನು ಕಂಠಪಾಠ ಮಾಡಿದನು, ಅವರ ಪುರಾಣವನ್ನು ಓದಿದನು. ಆ ಕರಾವಳಿಯಲ್ಲಿ ಬಸವಪುರಾಣವನ್ನು ಅಚ್ಚಿಗೆ ತಂದವರು ನಾವಲ್ಲ, ಅವರು ಎಂಬುದನ್ನು ನೆನೆದಾಗ ನಮಗೆ ಸಂಕೋಚವಾಗಬೇಕು.

ಇನ್ನು ಕರಡು. ಅದರ ಮೊದಲ ಪುಟ ಪೂರ್ತಿಯಾಗಿ ‘ಪ್ರಪಂಚದ ಮೊತ್ತಮೊದಲ ಸಂಸತ್ತು’ ಎಂಬ ಘೋಷಣೆಯ ವಿಸ್ತರಣೆ. ಅನುಭವಮಂಟಪವನ್ನು ಲಂಡನ್ನಿನ ಸಂಸತ್ತಿಗೆ ಹೋಲಿಸಿ ಹಿರಿದೆನಿಸುವುದು ಎರವಲು ಹಿರಿಮೆ. ಸಂಸತ್ತಿನಲ್ಲಿ ಮತ ಎಣಿಸುತ್ತಾರೆ, ಕಾನೂನು ಮಾಡುತ್ತಾರೆ; ಶರಣರ ಗೋಷ್ಠಿಯಲ್ಲಿ ಒಬ್ಬರು ಮತ್ತೊಬ್ಬರ ಅನುಭಾವವನ್ನು ಒರೆಗೆ ಹಚ್ಚುತ್ತಿದ್ದರು. ಹೋಲಿಕೆಯಿಂದ ಕೇಳುಗನಿಗೆ ದೊರೆಯುವುದು ನಮ್ಮ ಹೆಮ್ಮೆಯ ಪರಿಚಯವೇ ಹೊರತು ಧರ್ಮದ ಪರಿಚಯವಲ್ಲ. ಎರಡನೆಯ ಪುಟದಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಎಂಟು, ಐದು, ಆರು: ಕೂಡಿಸಿದರೆ ಹತ್ತೊಂಬತ್ತು ಪಾರಿಭಾಷಿಕ ಶಬ್ದಗಳು! ಅಡಕೆ ತೋಟಕ್ಕೆ ಹಳದಿ ಎಲೆ ರೋಗ ಬಡಿದು ಕಂಗಾಲಾದ ಕೃಷಿಕನು ಸಂಜೆ ಬಂದು ಬೆಂಚಿನ ಮೇಲೆ ಕುಳಿತು ಈ ಹತ್ತೊಂಬತ್ತನ್ನು ಏನು ಮಾಡಿಯಾನು?

ಈ ರೋಗಕ್ಕೆ ಮೂಲವು ನಮ್ಮ ಗ್ರಂಥಪರಂಪರೆಯಲ್ಲಿಯೂ ಉಂಟು. ಹೊರಗಿನವರಿಗಾಗಿ ಬರೆಯಲು ಕುಳಿತಾಗ ನಮ್ಮ ಪಂಡಿತರು ಬಹುಮಟ್ಟಿಗೆ ಪ್ರತಿವಾದಿಯನ್ನೇ ಎದುರಿಗೆ ಕಲ್ಪಿಸಿಕೊಂಡರು. ಸಂಸ್ಕೃತದ ‘ಲಿಂಗಧಾರಣ ಚಂದ್ರಿಕೆ’ಯು ಶ್ರುತಿಪ್ರಮಾಣದಿಂದ ಲಿಂಗಧಾರಣೆಯನ್ನು ಸಮರ್ಥಿಸಲು ಹೊರಟ ಗ್ರಂಥ. ಅದನ್ನು 1942ರಲ್ಲಿ ಪ್ರಕಟಿಸಿದ ಎಂ. ಆರ್. ಸಾಖರೆಯವರು ಇಂಗ್ಲಿಷಿನಲ್ಲಿ ಬರೆದ ಬೃಹತ್ ಪ್ರಸ್ತಾವನೆಯು ಲಿಂಗಾಯತವನ್ನು ಸ್ವತಂತ್ರ ಧರ್ಮವೆಂದು ಸಾಧಿಸುವತ್ತ ವಾಲುತ್ತದೆ. ವಿದ್ವತ್ತಿನಲ್ಲಿ ಎರಡೂ ಗೌರವಾರ್ಹ. ಎರಡರಲ್ಲಿಯೂ ಓದುಗನ ಸ್ಥಾನ ನ್ಯಾಯಾಧೀಶನದು. ಅವನು ತೀರ್ಪು ಕೊಡಬೇಕು. ಏನೂ ಅರಿಯದೆ, ಯಾವ ಹಗೆಯೂ ಇಲ್ಲದೆ, ಬರಿಯ ಕುತೂಹಲದಿಂದ ಬಂದವನಿಗೆ ಅವುಗಳಲ್ಲಿ ಕುಳಿತುಕೊಳ್ಳಲು ಎಡೆಯಿಲ್ಲ. ಅದೇ 1942ರಲ್ಲಿ ಬಂದ ಶಿ. ಚೆ. ನಂದೀಮಠರ ವೀರಶೈವ ಕೈಪಿಡಿಯು ಈ ದೃಷ್ಟಿಯಿಂದ ಹೆಚ್ಚು ಸಮಾಧಾನದ ಗ್ರಂಥ. ಆದರೂ ಅದು ವಿಶ್ವವಿದ್ಯಾಲಯದ ಓದುಗನಿಗಾಗಿ ಹುಟ್ಟಿದ್ದು. (ವೀರಶೈವವೋ ಲಿಂಗಾಯತವೋ ಎಂಬ ನಮ್ಮೊಳಗಿನ ವ್ಯಾಜ್ಯವನ್ನು ಮರ್ಕಂಜದ ವೇದಿಕೆಗೆ ಒಯ್ಯಲೇಬೇಡಿರೆಂದು ಶಿಷ್ಯರಿಗೆ ಪ್ರತ್ಯೇಕವಾಗಿ ಬರೆದಿದ್ದೇವೆ. ಅತಿಥಿಯನ್ನು ಮನೆಗೆ ಕರೆದು ಮೊದಲು ಪಾಲಿನ ಜಗಳವನ್ನು ತೋರಿಸುವವರುಂಟೇ?)

ಫ. ಗು. ಹಳಕಟ್ಟಿಯವರು ಬೇರೆ ದಾರಿ ಹಿಡಿದರು. ವಿಜಯಪುರದ ಆ ವಕೀಲರಿಗೆ ವಾದವು ವೃತ್ತಿಯೇ ಆಗಿದ್ದರೂ ಅವರು ವಾದಿಸಲು ಹೋಗದೆ ಓಲೆಗರಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಶರಣರ ಮಾತನ್ನು ವಿಷಯಾನುಸಾರ ಜೋಡಿಸಿ ಓದುಗನ ಎದುರಿಗಿಟ್ಟರು. ಅರ್ಧ ಶತಮಾನ ಕಳೆದು 1973ರಲ್ಲಿ ಎ. ಕೆ. ರಾಮಾನುಜನ್ ನಾಲ್ವರು ವಚನಕಾರರನ್ನು ಇಂಗ್ಲಿಷಿಗೆ ತಂದಾಗ ವಚನಗಳನ್ನು ಮುಂದಿಟ್ಟು, ಷಟ್‌ಸ್ಥಲ ಸಿದ್ಧಾಂತವನ್ನು ಗ್ರಂಥದ ಕೊನೆಯ ಅನುಬಂಧಕ್ಕೆ ಸರಿಸಿದರು. ಸಿದ್ಧಾಂತಕ್ಕೆ ಅದರಿಂದ ಅನ್ಯಾಯವಾಯಿತೆಂಬ ಆಕ್ಷೇಪವುಂಟು. ನಮಗೂ ಅದು ಸ್ವಲ್ಪಮಟ್ಟಿಗೆ ಒಪ್ಪಿಗೆಯೇ. ಸಾಧಕನಿಗೆ ಷಟ್‌ಸ್ಥಲವು ಅನುಬಂಧವಲ್ಲ, ಹತ್ತಬೇಕಾದ ಮೆಟ್ಟಿಲು. ಆದರೆ ಹೊಸಬನಿಗೆ ಹೇಳುವ ಕ್ರಮ ಅದೇ ಸರಿ. ಮೊದಲು ಶರಣನ ಧ್ವನಿ ಕೇಳಲಿ. ಆ ಧ್ವನಿ ಎಲ್ಲಿಂದ ಬಂತೆಂದು ಅವನೇ ಕೇಳಿದಾಗ ಸ್ಥಲದ ಮಾತು ಬರಲಿ.

ಕರಡಿನ ಮೂರನೆಯ ಪುಟದಲ್ಲಿ ಗಂಡಾಂತರವಿದೆ. ಶರಣರು ಕ್ಷುದ್ರದೈವಗಳ ಆರಾಧನೆಯನ್ನು ಖಂಡಿಸಿ ಏಕದೇವನಿಷ್ಠೆಯನ್ನು ಬೋಧಿಸಿದರೆಂದು ಶಿಷ್ಯರು ಆವೇಶದಿಂದ ಬರೆದಿದ್ದಾರೆ. ಬರೆದದ್ದು ಸುಳ್ಳಲ್ಲ. ಆದರೆ ತುಳುನಾಡಿನ ಆ ಮೂಲೆಯಲ್ಲಿ ದೈವವು ಮನೆತನದ ಸಾಕ್ಷಿ, ಜಮೀನಿನ ಒಡೆಯ, ವ್ಯಾಜ್ಯದ ತೀರ್ಪುಗಾರ. ನೇಮದ ರಾತ್ರಿ ದೈವದ ನುಡಿಗೆ ಊರೇ ತಲೆಬಾಗುತ್ತದೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ನೌಕರನೊಬ್ಬನು ಅವರದೇ ವೇದಿಕೆಯ ಮೇಲೆ ನಿಂತು ಇದನ್ನು ಕ್ಷುದ್ರವೆಂದರೆ ಅದು ವಚನಕಾರರ ಧೈರ್ಯವಾಗುವುದಿಲ್ಲ. ವಚನಕಾರರು ಖಂಡಿಸಿದ್ದು ತಮ್ಮ ಮನೆಯ ಮಾರಿ-ಮಸಣಿಗಳನ್ನು, ತಮ್ಮ ಬಂಧುಗಳ ಎದುರಿಗೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಅವರೇ ತೆತ್ತರು. ಇಲ್ಲಿ ಬೆಲೆ ತೆರುವವರು ಯಾರು? ನಮ್ಮ ಸದ್ಭಕ್ತರ ಮನೆಗಳಲ್ಲಿಯೇ ಎಲ್ಲಮ್ಮನ ಗುಡ್ಡಕ್ಕೆ ಗಾಡಿ ಕಟ್ಟುವುದು ನಿಂತಿದೆಯೇ?

ಹಾಗೆಂದು ಮರೆಮಾಚಬೇಕೆಂದೂ ನಾವು ಹೇಳುವುದಿಲ್ಲ. ಸಭೆಯಲ್ಲಿ ಒಬ್ಬರು ಎದ್ದು, ‘ನಿಮ್ಮಲ್ಲಿ ದೈವಕ್ಕೆ ಕೈಮುಗಿಯುವುದುಂಟೋ?’ ಎಂದು ನೇರವಾಗಿ ಕೇಳಿದರೆ, ಇಷ್ಟಲಿಂಗನಿಷ್ಠನಿಗೆ ಬೇರೊಂದು ದೈವವಿಲ್ಲವೆಂದು ನೇರವಾಗಿಯೇ ಹೇಳಬೇಕು. ಎಲ್ಲ ಒಂದೇ ಎಂದು ಜಾರಿಕೊಳ್ಳುವ ಸವಿಮಾತು ಎರಡೂ ಕಡೆಯವರಿಗೆ ಮಾಡುವ ವಂಚನೆ. ಕೇಳಿದಾಗ ಹೇಳುವ ಸತ್ಯಕ್ಕೂ ಕೇಳದೆ ಎಸೆಯುವ ಸತ್ಯಕ್ಕೂ ಇರುವ ವ್ಯತ್ಯಾಸವನ್ನು ಕರಡು ಗಮನಿಸಿಲ್ಲ.

ಅದೇ ದೈವಗಳ ಕಥೆಯೊಳಗೆ ಒಂದು ಬಾಗಿಲೂ ಇದೆ. ಕೋಟಿ-ಚೆನ್ನಯರು ಎಣ್ಮೂರಿನ ನೆಲದಲ್ಲಿ ಕಾದಿ ಮಡಿದವರು. ಮರ್ಕಂಜದವರಿಗೆ ಅದು ನೆರೆಯ ಸೀಮೆಯ ಮಾತು. ಉಳ್ಳವರ ತಿರಸ್ಕಾರಕ್ಕೆ ತಲೆಬಾಗದೆ ನಿಂತ ಆ ಅವಳಿಗಳ ಗರಡಿಗಳಲ್ಲಿ ಇಂದು ದೀಪ ಉರಿಯುತ್ತದೆ. ಈ ಕಥೆಯನ್ನು ಎದೆಯಲ್ಲಿಟ್ಟುಕೊಂಡ ಜನಕ್ಕೆ ಹರಳಯ್ಯ-ಮಧುವರಸರು ಕಲ್ಯಾಣದಲ್ಲಿ ಏಕೆ ಪ್ರಾಣ ಕೊಟ್ಟರೆಂಬುದನ್ನು ವಿವರಿಸಲು ಹತ್ತೊಂಬತ್ತು ಶಬ್ದಗಳು ಬೇಕಾಗುವುದಿಲ್ಲ. ಎರಡೂ ಒಂದೇ ಎಂದು ಸಾಧಿಸುವ ಗೋಜಿಗೂ ಹೋಗಬಾರದು. ಒಂದನ್ನು ಬಲ್ಲವನು ಇನ್ನೊಂದಕ್ಕೆ ಕಿವಿಗೊಡುತ್ತಾನೆ, ಅಷ್ಟೆ.

ಈ ವಿದ್ಯೆಗೆ ನಮ್ಮಲ್ಲಿ ಗುರುವಿಲ್ಲದಿಲ್ಲ. ಶೂನ್ಯಸಂಪಾದನೆಯನ್ನು ನಾವು ತತ್ತ್ವಗ್ರಂಥವೆಂದು ಪಾರಾಯಣ ಮಾಡುತ್ತೇವೆ. ಅಪರಿಚಿತನೊಡನೆ ಮಾತು ತೆಗೆಯುವ ಕ್ರಮವನ್ನು ಕಲಿಸುವ ಗ್ರಂಥವಾಗಿಯೂ ಅದನ್ನು ಓದಬೇಕು. ಅಲ್ಲಮಪ್ರಭುವು ತೋಟದ ಗೊಗ್ಗಯ್ಯನೊಡನೆ ಕೃಷಿಯ ಮಾತಿನಲ್ಲಿಯೇ ಆರಂಭಿಸುತ್ತಾನೆ. ಅಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ಎದುರು ಅವಳ ದುಃಖವೇ ಪ್ರಸ್ತಾವ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ‘ಒಡ್ಡ’ನೆಂದು ಕರೆದು ಕೆಣಕುತ್ತಾನೆ, ಏಕೆಂದರೆ ಅಲ್ಲಿ ಮುರಿಯಬೇಕಾಗಿದ್ದುದು ಪುಣ್ಯಕಾರ್ಯದ ಅಹಂಕಾರ. ವಜ್ರಕಾಯದ ಗೋರಕ್ಷನಿಗೆ ಖಡ್ಗದಿಂದಲೇ ಉತ್ತರ. ನಾಲ್ವರಿಗೆ ನಾಲ್ಕು ಭಾಷೆ. ಎಲ್ಲಿಯೂ ಪ್ರಭು ತನ್ನ ಬಿರುದಾವಳಿಯಿಂದ ಮಾತು ತೊಡಗಿದ್ದಿಲ್ಲ. ಆ ಗೋರಕ್ಷನ ನಾಥಪಂಥದ ಮಠ ಮಂಗಳೂರಿನ ಕದ್ರಿಯಲ್ಲಿ ಇಂದಿಗೂ ಇದೆ. ಸುಳ್ಯದ ಗೌಡರು ಸುಗ್ಗಿಯಲ್ಲಿ ಕುಣಿಯುವ ಸಿದ್ಧವೇಷದ ಹೆಸರಿನಲ್ಲಿಯೂ ಸಿದ್ಧರ ನೆನಪಿದೆ. ಜೋಗಿಯನ್ನು ಬಲ್ಲ ಜನಕ್ಕೆ ಪ್ರಭು-ಗೋರಕ್ಷರ ಸಂವಾದವನ್ನು ಹೇಳಿದರೆ ರಾತ್ರಿ ಹೋದದ್ದೇ ತಿಳಿಯದು.

ಅದೇ ಗ್ರಂಥದಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಶರಣರು ಅವಳನ್ನು ಮೊದಲು ಪ್ರಶ್ನೆಗಳಿಂದ ಸುತ್ತುವರಿಯುತ್ತಾರೆ. ಆ ಪ್ರಶ್ನೆಗಳಲ್ಲಿ ದಾಕ್ಷಿಣ್ಯವಿಲ್ಲ. ನಮ್ಮ ಪ್ರವಚನಕಾರರಿಗೆ ಇಂಥ ಪರೀಕ್ಷೆ ಯಾವ ಮಠದಲ್ಲಿಯೂ ಇಲ್ಲ; ಹಾರ, ಶಾಲು, ಜಯಕಾರಗಳಲ್ಲಿಯೇ ಅವರ ಶಿಕ್ಷಣ ಮುಗಿಯುತ್ತದೆ. ಹೊರಗಿನವರ ಎದುರು ನಿಲ್ಲುವ ಮೊದಲು ಒಬ್ಬ ಬಲ್ಲವನ ಎದುರು ಕುಳಿತು ನಿಷ್ಠುರವಾದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಲಿಂಗ ಕಟ್ಟಿಕೊಂಡವರಲ್ಲಿಯೂ ಜಾತಿ ಏಕಿದೆ? ಈ ಪ್ರಶ್ನೆ ಮರ್ಕಂಜದಲ್ಲಿ ಬಂದೇ ಬರುತ್ತದೆ. ‘ಇರಬಾರದಿತ್ತು, ಇದೆ’ ಎಂಬ ಎರಡು ಮಾತಿಗಿಂತ ಉದ್ದವಾದ ಉತ್ತರವೆಲ್ಲ ನೆಪವೆಂದು ಕೇಳುಗರು ಕೂಡಲೆ ಗುರುತಿಸುತ್ತಾರೆ.

ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಮಾತ್ರ ಬಹು ಸರಳ: ‘ಕೊರಳಲ್ಲಿ ಇರುವುದು ಏನು?’ ಕರಡಿನ ಒಂಬತ್ತು ಪುಟಗಳಲ್ಲಿ ಇದಕ್ಕೆ ಉತ್ತರವಿಲ್ಲ. ಕರಡಿಗೆಯನ್ನು ವೇದಿಕೆಯ ಮೇಲೆ ಬಿಚ್ಚಿ ಪ್ರದರ್ಶಿಸುವ ಕ್ರಮ ನಮ್ಮದಲ್ಲ. ಅದನ್ನು ವಿನಯದಿಂದ ಹೇಳಬಹುದು. ಗುರುವು ಕೈಗೆ ಕೊಟ್ಟದ್ದು, ದಿನವೂ ಅಂಗೈಯಲ್ಲಿಟ್ಟು ಪೂಜಿಸುವುದು, ಸತ್ತಾಗ ಜೊತೆಯಲ್ಲಿ ಮಣ್ಣಿಗೆ ಹೋಗುವುದು, ನಡುವೆ ಪೂಜಾರಿಯಿಲ್ಲ, ಹೆಣ್ಣಿಗೂ ಉಂಟು ಗಂಡಿಗೂ ಉಂಟು. ಇಷ್ಟನ್ನು ಶಿಷ್ಯರು ಅರೆಭಾಷೆಯಲ್ಲಿಯೋ ತುಳುವಿನಲ್ಲಿಯೋ ಹೇಳಲು ನೆರೆಯವರಿಂದ ಕಲಿತುಕೊಳ್ಳಲಿ, ಉಚ್ಚಾರ ತಪ್ಪಿದರೆ ಅವರು ನಕ್ಕು ತಿದ್ದುತ್ತಾರೆ. ಭಾಷಣವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತನ್ನು ಪ್ರಶ್ನೆಗಳಿಗೆ ಬಿಡಬೇಕೆಂದು ಸೂಚಿಸಿ ಕರಡನ್ನು ಹಿಂದಕ್ಕೆ ಕಳುಹಿಸಿದ್ದೇವೆ.